ನಾಲ್ಕು ಬಾಗಿಲಿನ ಪೆಟ್ಟಿಗೆ

ನಮ್ಮ ಜನ ಫ್ರಿಜ್ಜನ್ನು ಹಾಸ್ಯಕ್ಕೆ 'ತಂಗಳು ಪೆಟ್ಟಿಗೆ' ಎಂದು ಕರೆಯುವುದುಂಟು. ಹಿಂದಿನ ರಾತ್ರಿಯ ಅನ್ನವನ್ನು ಮರುದಿನ ಬೆಳಿಗ್ಗೆ ಒಪ್ಪಿಸುವ ಮನೆಯ ಪೆಟ್ಟಿಗೆಗೆ ಆ ಹೆಸರು ಸಲ್ಲುವುದೇನೋ ನಿಜ. ಆದರೆ ದಿನಕ್ಕೆ ನೂರಾರು ಎಲೆ ಹಾಕುವ ಭೋಜನಶಾಲೆಯ ಅಡುಗೆಮನೆಯಲ್ಲಿ ನಿಂತಿರುವ ಪೆಟ್ಟಿಗೆಯ ಮುಖ್ಯ ಕೆಲಸ ತಂಗಳನ್ನು ಕಾಯುವುದಲ್ಲ. ಇನ್ನೂ ಎಲೆಗೆ ಬರದಿರುವುದನ್ನು ಕೆಡದಂತೆ ಕಾಯುವುದು. ಅಂತಹ ಪೆಟ್ಟಿಗೆಗಳ ನಕ್ಷೆ ಬರೆದು ಕಟ್ಟಿಸುವುದು ನನ್ನ ವೃತ್ತಿ. ಇದು ಸಾಹಿತ್ಯದ ಪತ್ರಿಕೆಗೆ ತಕ್ಕ ವಿಷಯವೇ ಎಂದು ವಾಚಕರು ಕೇಳಬಹುದು. ಈ ವೃತ್ತಿಯಲ್ಲಿ ನಾನು ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವೊಂದುಂಟು. ಅದನ್ನು ಹೇಳಬೇಕಾದರೆ ಪೆಟ್ಟಿಗೆಯ ಒಳಗನ್ನೂ ಸ್ವಲ್ಪ ತೋರಿಸಲೇಬೇಕಾಗುವುದು.

ನಾನು ಮೊದಲು ಕಂಡ ಹಲವು ಕೋಣೆಗಳ ಪೆಟ್ಟಿಗೆಯೆಂದರೆ ನನ್ನ ಅಜ್ಜಿಯ ಮನೆ. ಅಲ್ಲಿ ಬೆಣ್ಣೆ ನೆಲುವಿನಲ್ಲಿ ತೂಗುತ್ತಿತ್ತು. ಉಪ್ಪಿನಕಾಯಿಯ ಭರಣಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕತ್ತಲೆಯ ಮೂಲೆಯಲ್ಲಿ ಕುಳಿತಿತ್ತು. ಮಾವು ಅಟ್ಟದ ಮೇಲೆ ಹುಲ್ಲಿನೊಳಗೆ ಹಣ್ಣಾಗುತ್ತಿತ್ತು. ಸೊಪ್ಪು ನೀರಿನ ಕೊಡದ ಪಕ್ಕದಲ್ಲಿ ಒದ್ದೆಯ ಬಟ್ಟೆ ಹೊದ್ದು ಮಲಗುತ್ತಿತ್ತು. ಹಾಲಿಗೆ ಮುಸುರೆ ಸೋಕಿದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ಅದನ್ನೆಲ್ಲ ನಾನು ಬರಿಯ ಮಡಿಯ ಕಟ್ಟಳೆಯೆಂದು ತಿಳಿದಿದ್ದೆ. ಶಾಖ, ತೇವ, ಗಾಳಿ ಇವುಗಳ ಲೆಕ್ಕವೂ ಅದರಲ್ಲಿ ಅಡಗಿತ್ತೆಂಬುದು ನನಗೆ ಅರಿವಾದದ್ದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದಾಗ ಅಲ್ಲ. ನಾನೇ ಕಟ್ಟಿದ ಪೆಟ್ಟಿಗೆಯೊಂದು ಕೆಟ್ಟ ಮೇಲೆ.

ಅಡುಗೆಮನೆಯ ಪದಾರ್ಥಗಳು ಒಂದೇ ಸೂರಿನ ಕೆಳಗೆ ಸುಮ್ಮನೆ ಬಾಳುವಂಥವಲ್ಲ. ಹಾಲು, ಬೆಂದ ಪಲ್ಯ, ರುಬ್ಬಿದ ಕಾಯಿ ಇವು 5 ಡಿಗ್ರಿಗಿಂತ ಮೇಲೇರಬಾರದು. 5 ಡಿಗ್ರಿಗೂ 60 ಡಿಗ್ರಿಗೂ ನಡುವಣ ಪ್ರದೇಶವನ್ನು ಆಹಾರಶಾಸ್ತ್ರಜ್ಞರು ಅಪಾಯದ ವಲಯವೆನ್ನುವರು. ಸೂಕ್ಷ್ಮಜೀವಿಗಳು ಅಲ್ಲಿ ವೇಗವಾಗಿ ಬೆಳೆಯುವುವು. ಸೊಪ್ಪಿಗೂ ಅದೇ ತಂಪು ಬೇಕು. ಆದರೆ ಗಾಳಿಯಲ್ಲಿ ನೂರಕ್ಕೆ 95ರಷ್ಟು ತೇವವೂ ಬೇಕು, ಇಲ್ಲವಾದರೆ ಅದು ಬಾಡುವುದು. ಬದನೆಕಾಯಿ 10 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇದ್ದರೆ ಕಲೆಬಿದ್ದು ಕೆಡುವುದು. ಬಾಳೆಹಣ್ಣಿಗೆ 13 ಡಿಗ್ರಿಗಿಂತ ಹೆಚ್ಚಿನ ಚಳಿ ಸಲ್ಲದು, ಸಿಪ್ಪೆ ಕಪ್ಪಾಗುವುದು. ದೋಸೆಯ ಹಿಟ್ಟಿನ ಹುದುಗು ತಂಪಿನಲ್ಲಿ ನಿಂತುಹೋಗುವುದಿಲ್ಲ, ನಿಧಾನವಾಗುವುದು, ಅಷ್ಟೆ. ಬೆಣ್ಣೆಯೋ ಪಕ್ಕದಲ್ಲಿ ಹೆಚ್ಚಿಟ್ಟ ಈರುಳ್ಳಿಯ ವಾಸನೆಯನ್ನೆಲ್ಲ ತನ್ನದಾಗಿಸಿಕೊಳ್ಳುವುದು.

ಪೇಟೆಯಲ್ಲಿ ದೊರೆಯುವ ನಾಲ್ಕು ಬಾಗಿಲಿನ ಪೆಟ್ಟಿಗೆಗಳಲ್ಲಿ ಹಲವು ಹೊರಗಿನಿಂದ ನೋಡಿದರೆ ನಾಲ್ಕು ಮನೆ, ಒಳಗೆ ಒಂದೇ ಪಡಸಾಲೆ. 2007ರಲ್ಲಿ ದಾವಣಗೆರೆಯ ಒಂದು ಭೋಜನಶಾಲೆಯ ಯಜಮಾನರು ನನ್ನನ್ನು ಕರೆದು, ನಿಜವಾಗಿಯೂ ನಾಲ್ಕು ಕೋಣೆಗಳಿರುವ ಪೆಟ್ಟಿಗೆ ಬೇಕೆಂದರು. ನಾನು ಆಗ ತರುಣ. ನಕ್ಷೆ ಬರೆಯುವ ಕೈಗೆ ಬೇಗ ಹೆಮ್ಮೆ ಬರುತ್ತದೆ. ಉಕ್ಕಿನ ತಗಡಿನಿಂದ ನಾಲ್ಕು ಕೋಣೆಗಳನ್ನು ಬೇರ್ಪಡಿಸಿದೆ: ಹಿಟ್ಟಿಗೊಂದು, ಹಾಲು ಬೆಣ್ಣೆಗೊಂದು, ತರಕಾರಿಗೊಂದು, ಬೆಂದ ಪದಾರ್ಥಕ್ಕೊಂದು. ಆದರೆ ತಂಪನ್ನು ಕೊಡುವ ತಾಮ್ರದ ಸುರುಳಿ ಒಂದೇ, ಗಾಳಿಯನ್ನು ದೂಡುವ ಫ್ಯಾನು ಒಂದೇ. ಗೋಡೆಗಳಲ್ಲಿ ಕಂಡಿಗಳನ್ನು ಕೊರೆದು ಗಾಳಿಯನ್ನು ನಾಲ್ಕು ಪಾಲು ಮಾಡಿದೆ. ಕಂಪ್ರೆಸರ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಥರ್ಮೋಸ್ಟಾಟ್ ಕೂಡ ಒಂದೇ. ಅದನ್ನು ಹಿಟ್ಟಿನ ಕೋಣೆಯಲ್ಲಿಟ್ಟೆ. ಅತಿ ಹೆಚ್ಚು ಕಷ್ಟಪಡುವ ಕೋಣೆ ತಣ್ಣಗಿದ್ದರೆ ಉಳಿದವು ತಣ್ಣಗಿದ್ದೇ ಇರುವುವೆಂಬುದು ನನ್ನ ತರ್ಕ. ಕಾಗದದ ಮೇಲೆ ಆ ತರ್ಕಕ್ಕೆ ಕುಂದಿರಲಿಲ್ಲ.

ಪೆಟ್ಟಿಗೆ ಬಂದು ಕೆಲವು ದಿನಗಳಲ್ಲಿಯೇ ಅಲ್ಲಿನ ಮುಖ್ಯ ಅಡುಗೆಯವರಾದ ಭಟ್ಟರು ನನ್ನನ್ನು ನಿಲ್ಲಿಸಿ, "ಸ್ವಾಮೀ, ಸೊಪ್ಪು ಬೆಳಿಗ್ಗೆ ಗಾಜಿನ ಹಾಗೆ ಮುರಿಯುತ್ತದೆ" ಎಂದರು. ಅವರು ಕುಂದಾಪುರದ ಕಡೆಯವರು. ಹನ್ನೊಂದು ವರ್ಷಗಳಿಂದ ಅದೇ ಒಲೆಯ ಮುಂದೆ ನಿಂತವರು. ನಾನು ನಕ್ಕು, "ತಣ್ಣಗಿದ್ದರೆ ಒಳ್ಳೆಯದೇ ಅಲ್ಲವೇ ಭಟ್ಟರೇ?" ಎಂದು ಹೇಳಿ ಹೊರಟುಹೋದೆ.

ಮೇ ತಿಂಗಳಿನಲ್ಲಿ ಒಂದು ಮದುವೆಯ ಉಪಾಹಾರದ ಏರ್ಪಾಡು ಅವರಿಗೆ ಬಂದಿತು. ಅಂದಿನ ಮುಂಜಾನೆ ಕಾಯಿಸಿದ ಹಾಲೆಲ್ಲ ಒಡೆಯಿತು; ಹಿಂದಿನ ರಾತ್ರಿ ರುಬ್ಬಿಟ್ಟ ಕಾಯಿ ಹಳಸಿತು. ಯಜಮಾನರು ನನ್ನನ್ನು ಕರೆಸಿದರು. ನಾನು ಬಾಗಿಲು ತೆರೆದಾಗ ಒಂದು ಕೋಣೆಯಲ್ಲಿ ಸಾಂಬಾರಿನ ದೊಡ್ಡ ಪಾತ್ರೆ ಇನ್ನೂ ಬೆಚ್ಚಗೆ ಕುಳಿತಿತ್ತು. ಹಿಟ್ಟಿನ ಕೋಣೆಯ ಬಾಗಿಲ ಅಂಚಿನ ರಬ್ಬರಿಗೆ ಹಿಟ್ಟು ಮೆತ್ತಿತ್ತು. ನನಗೆ ಅಷ್ಟೇ ಸಾಕಾಯಿತು. "ಯಂತ್ರದಲ್ಲಿ ದೋಷವಿಲ್ಲ. ಬಿಸಿಯ ಪಾತ್ರೆಯನ್ನು ಒಳಗಿಟ್ಟು, ಬಾಗಿಲನ್ನು ಹೀಗೆ ತೆರೆಯುತ್ತಿದ್ದರೆ ಯಾವ ಯಂತ್ರ ತಾನೇ ತಾಳೀತು?" ಎಂದೆ. ಭಟ್ಟರು ಹೆಗಲ ಮೇಲಿನ ವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಮೂರು ದಿನಗಳಲ್ಲಿ ಯಜಮಾನರು ಅವರ ಲೆಕ್ಕ ತೀರಿಸಿ ಊರಿಗೆ ಕಳುಹಿಸಿಬಿಟ್ಟರು.

ಹದಿನೈದು ದಿನ ಕಳೆಯಿತು. ಹೊಸ ಅಡುಗೆಯವರು ಬಂದಿದ್ದರು. ಬಾಗಿಲಿನ ಮೇಲೆ ನಿಯಮಗಳ ಪಟ್ಟಿಯನ್ನೂ ಅಂಟಿಸಿದ್ದಾಯಿತು. ಹಾಲು ಮತ್ತೆ ಒಡೆಯಿತು. ಆ ರಾತ್ರಿ ನಾನು ನಾಲ್ಕು ಉಷ್ಣಮಾಪಕಗಳನ್ನು ನಾಲ್ಕು ಕೋಣೆಗಳಲ್ಲಿಟ್ಟು ಅಡುಗೆಮನೆಯಲ್ಲಿಯೇ ಉಳಿದೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಹಿಟ್ಟಿನ ಕೋಣೆಯ ಬಾಗಿಲು ತೆರೆದದ್ದು 140 ಸಲ. ಎಂದರೆ ಹೆಚ್ಚುಕಡಿಮೆ ಒಂದೂಕಾಲು ನಿಮಿಷಕ್ಕೊಮ್ಮೆ. ಅದು ಯಾರ ಅಜಾಗರೂಕತೆಯೂ ಅಲ್ಲ. ದೋಸೆ ಹುಯ್ಯುವ ಕೆಲಸವೇ ಅಂಥದು. ಒಲೆಯ ಬಳಿಯ ಗಾಳಿ 43 ಡಿಗ್ರಿ ಇತ್ತು. ಪ್ರತಿ ಸಲವೂ ತಣ್ಣನೆಯ ಗಾಳಿ ಕಾಲಿನ ಮೇಲೆ ಸುರಿದುಹೋಗಿ ಆ ಬಿಸಿ ಗಾಳಿ, ಹಬೆಯೊಡನೆ ಒಳಗೆ ನುಗ್ಗುತ್ತಿತ್ತು. ಜನಸಂದಣಿ ಕಳೆದ ಮೇಲೆ ಸುರುಳಿಯ ಮುಚ್ಚಳವನ್ನು ಬಿಚ್ಚಿದೆ. ಒಳಗೆ ಬೆರಳು ತೂರದಂತೆ ಹಿಮಗಟ್ಟಿ ಬಿಳಿಯ ಗೋಡೆಯಾಗಿತ್ತು.

ಆಗ ಎಲ್ಲವೂ ತಿಳಿಯಿತು. ಒಳಗೆ ಬಂದ ಗಾಳಿಯ ತೇವ ಸುರುಳಿಯ ಮೇಲೆ ಹಿಮವಾಗುವುದು ಸಹಜ. ಇಂತಹ ಪೆಟ್ಟಿಗೆಗಳಲ್ಲಿ ಕಂಪ್ರೆಸರ್ ನಡುನಡುವೆ ನಿಂತಾಗ ಆ ಹಿಮ ತಾನಾಗಿಯೇ ಕರಗಿ ಹರಿದುಹೋಗುವುದು. ನನ್ನ ಯಂತ್ರಕ್ಕೆ ನಿಲ್ಲುವ ಅಪ್ಪಣೆಯನ್ನು ಕೊಡಬೇಕಾದದ್ದು ಹಿಟ್ಟಿನ ಕೋಣೆ. ಆ ಕೋಣೆಗೆ ಎಂದೂ ತೃಪ್ತಿಯಿಲ್ಲ. ಆದುದರಿಂದ ಯಂತ್ರ ನಿಲ್ಲದೆ ಓಡಿತು; ಮೊದಲು ತರಕಾರಿಯ ಕೋಣೆ ಅಳತೆ ಮೀರಿ ತಣ್ಣಗಾಗಿ ಸೊಪ್ಪು ಹೆಪ್ಪುಗಟ್ಟಿತು. ಬೇಸಗೆ ಏರಿದಂತೆ ಹಿಮ ಬೆಳೆದು, ಗಾಳಿಯ ದಾರಿ ಮುಚ್ಚಿ, ನಾಲ್ಕು ಕೋಣೆಗಳೂ ಬಿಸಿಯಾದುವು. ಸೊಪ್ಪು ಗಾಜಾಯಿತೆಂದು ಭಟ್ಟರು ಹೇಳಿದ್ದು ರೋಗದ ಮೊದಲ ಲಕ್ಷಣ. ನಾನು ನಕ್ಕಿದ್ದೆ.

ಸಾಂಬಾರಿನ ಲೆಕ್ಕವನ್ನೂ ಅಂದೇ ಮಾಡಿದೆ. 20 ಲೀಟರ್ ಸಾಂಬಾರನ್ನು 90 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ, ವಿದ್ಯುತ್ತಿನ ಅಳತೆಯಲ್ಲಿ ಹೇಳುವುದಾದರೆ, ಸುಮಾರು ಎರಡು ಯೂನಿಟ್. ನನ್ನ ಸುರುಳಿ ಹೊರಗೆ ಸಾಗಿಸಬಲ್ಲದ್ದು 500 ವ್ಯಾಟ್. ಬೇರೆ ಯಾವ ಕೆಲಸವನ್ನೂ ಮಾಡದೆ ಅದೊಂದನ್ನೇ ಮಾಡಿದರೂ ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತು ಆ ಬಿಸಿ ನನ್ನ ಕಂಡಿಗಳ ಮೂಲಕ ಹಾಲಿನ ಕೋಣೆಗೂ ಹೋಗುವುದು. ಬಿಸಿ ಪಾತ್ರೆಯನ್ನು ಒಳಗಿಟ್ಟದ್ದು ತಪ್ಪೇ ಸರಿ. ಆದರೆ ಬೇಯಿಸಿದ ಪದಾರ್ಥವನ್ನು ಹೊರಗೆ ಬಿಡುವುದೂ ತಪ್ಪು. ಆಸ್ಟ್ರೇಲಿಯದ ಆಹಾರಸಂಹಿತೆಯಂತೆ ಅದು 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮತ್ತೆ ನಾಲ್ಕು ಗಂಟೆಯೊಳಗೆ ಇಳಿಯಬೇಕು. ದಪ್ಪ ಪಾತ್ರೆಯಲ್ಲಿ ತುಂಬಿದ ಸಾಂಬಾರು ತಾನಾಗಿ ಹಾಗೆ ಇಳಿಯದು. ಭಟ್ಟರು ಅದನ್ನು ಎಲ್ಲಿ ಇಡಬೇಕಾಗಿತ್ತು? ನನ್ನ ನಕ್ಷೆಯಲ್ಲಿ ಅದಕ್ಕೆ ಸ್ಥಳವೇ ಇರಲಿಲ್ಲ.

ಯಜಮಾನರಿಗೆ ನಿಜವನ್ನು ಹೇಳಿ, ವಿಳಾಸ ಪಡೆದು, ಭಟ್ಟರ ಊರಿಗೆ ಹೋದೆ. ಅವರು ಜಗಲಿಯಲ್ಲಿ ಕುಳ್ಳಿರಿಸಿ ಬೆಲ್ಲ ನೀರು ಕೊಟ್ಟರು. ನಾನು ಹೇಳಬೇಕಾದದ್ದನ್ನು ತಡವರಿಸುತ್ತ ಹೇಳಿ ಮುಗಿಸಿದೆ. ಅವರು ಸ್ವಲ್ಪ ಹೊತ್ತು ಅಂಗಳದ ಕಡೆ ನೋಡುತ್ತಿದ್ದು, "ತಪ್ಪು ಪೆಟ್ಟಿಗೆಯದೆಂದು ನನಗೆ ಗೊತ್ತಿತ್ತು ಸ್ವಾಮೀ. ಕಾಗದದ ಮೇಲೆ ಬರೆದು ತೋರಿಸಲು ನನಗೆ ಬಾರದು, ನಿಮಗೆ ಬರುತ್ತಿತ್ತು" ಎಂದರು. ಕೋಪದಿಂದ ಅಂದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಬಳಿಕ ಅವರೇ ಒಲೆಯಿಂದ ಒಂದು ಇದ್ದಿಲನ್ನು ತಂದು ಜಗಲಿಯ ಮೇಲೆ ಗೆರೆ ಎಳೆದರು. ಇಲ್ಲಿ ಹೆಂಚು, ಇಲ್ಲಿ ನಾನು, ಬಲಗೈಗೆ ಹಿಟ್ಟು, ಎಡಗೈಗೆ ಬೆಣ್ಣೆ, ತರಕಾರಿ ಹಿಂದೆ ಇರಲಿ, ಅದನ್ನು ದಿನಕ್ಕೆ ಎರಡು ಸಲ ತೆಗೆದರೆ ಹೆಚ್ಚು. "ಹಿಟ್ಟಿಗೆ ಬಾಗಿಲು ಬೇಡ. ಬಾವಿಯ ಹಾಗೆ ಮೇಲಿನಿಂದ ತೆಗೆಯುವಂತಿರಲಿ. ಬಾವಿಯ ತಂಪು ಎಲ್ಲಿಗೆ ಓಡೀತು?" ಎಂದರು. ತಣ್ಣನೆಯ ಗಾಳಿ ಭಾರವಾದದ್ದು, ಕೆಳಗೆ ನಿಲ್ಲುವುದು ಎಂಬುದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಬಸ್ಸಿನಲ್ಲಿ ಹಿಂದಿರುಗುವಾಗ ಆ ಗೆರೆಗಳನ್ನೆಲ್ಲ ನೆನಪಿನಿಂದ ಪುಸ್ತಕದಲ್ಲಿ ಬರೆದುಕೊಂಡೆ.

2008ರಲ್ಲಿ ಅದೇ ಅಡುಗೆಮನೆಗೆ ನಾನು ಕಟ್ಟಿಕೊಟ್ಟ ಎರಡನೆಯ ಪೆಟ್ಟಿಗೆ ಆ ಇದ್ದಿಲ ಗೆರೆಗಳದೇ. ಹಿಟ್ಟು ಬೆಣ್ಣೆಗಳಿಗೆ ಸೊಂಟದ ಎತ್ತರದ ಕಟ್ಟೆಯೊಳಗೆ ಆಳವಾದ ಸೆಳೆಪೆಟ್ಟಿಗೆಗಳು. ಎಳೆದರೂ ತಂಪು ಒಳಗೇ ನಿಲ್ಲುವುದು. ಹಾಲು, ತರಕಾರಿ, ಬೆಂದ ಪದಾರ್ಥಗಳಿಗೆ ಹಿಂದೆ ಬೇರೆಯ ಬೀರು. ಕೋಣೆಗೊಂದರಂತೆ ಸುರುಳಿ ಇಟ್ಟರೆ ಬೆಲೆಯೂ ಏರುವುದು, ಕೊಳವೆಗಳ ಬೆಸುಗೆ ಹೆಚ್ಚಿ ಸೋರುವ ಭಯವೂ ಏರುವುದು. ಆದುದರಿಂದ ಎರಡೇ ಯಂತ್ರ: ಗಡಿಬಿಡಿಯ ಕಟ್ಟೆಗೊಂದು, ಶಾಂತವಾದ ಬೀರುವಿಗೊಂದು. ಬೀರುವಿನಲ್ಲಿ ತರಕಾರಿಗೆ ಮಾತ್ರ ತನ್ನದೇ ಸುರುಳಿ, ತನ್ನದೇ ಥರ್ಮೋಸ್ಟಾಟ್. ಆ ಸುರುಳಿಯನ್ನು ದೊಡ್ಡದಾಗಿ ಮಾಡಿಸಿ ಫ್ಯಾನನ್ನು ನಿಧಾನಗೊಳಿಸಿದೆ. ಸುರುಳಿ ಸುತ್ತಲಿನ ಗಾಳಿಗಿಂತ ಬಹಳ ತಣ್ಣಗಿದ್ದರೆ ಗಾಳಿಯ ತೇವವನ್ನೆಲ್ಲ ಹಿಂಡಿಬಿಡುವುದು. ನಾಲ್ಕೈದು ಡಿಗ್ರಿಗಳಷ್ಟೇ ಅಂತರವಿದ್ದರೆ ಸೊಪ್ಪು ಬಾಡದು. ಹಿಮ ಕರಗಲೆಂದು ಪ್ರತಿ ಯಂತ್ರವೂ ಯಾರ ತೃಪ್ತಿಗೂ ಕಾಯದೆ ಗೊತ್ತಾದ ವೇಳೆಗೆ ನಿಲ್ಲುವಂತೆ ಗಡಿಯಾರವಿಟ್ಟೆ. ಪೆಟ್ಟಿಗೆಯ ಹೊರಗೆ ನೀರು ಮತ್ತು ಮಂಜುಗಡ್ಡೆಯ ತೊಟ್ಟಿಯೊಂದು. ಸಾಂಬಾರನ್ನು ಎರಡಂಗುಲ ಆಳದ ತಟ್ಟೆಗಳಿಗೆ ಸುರಿದು ಮೊದಲು ಅಲ್ಲಿ ಆರಿಸಬೇಕು. ಬದನೆಯೂ ಬಾಳೆಯೂ ಪೆಟ್ಟಿಗೆಯ ಸಹವಾಸವೇ ಬೇಡವೆಂದು ಹೊರಗೆ ಬುಟ್ಟಿಯಲ್ಲಿ ಉಳಿದುವು.

ಪಾತ್ರೆಗಳ ವಿಷಯದಲ್ಲಿ ಮಾತ್ರ ನಾನು ಪುಸ್ತಕವನ್ನು ಅರ್ಧ ಬಿಟ್ಟೆ. ಯೂರೋಪಿನ ಹೋಟೆಲುಗಳಲ್ಲಿ 530 ಮಿಲಿಮೀಟರ್ ಉದ್ದ, 325 ಮಿಲಿಮೀಟರ್ ಅಗಲದ ಚೌಕಟ್ಟಾದ ತಟ್ಟೆಯೇ ಅಳತೆಗೋಲು. ಅಲ್ಲಿಯ ಪೆಟ್ಟಿಗೆಗಳು ಅದಕ್ಕೇ ಹೊಂದುವುವು. ನಮ್ಮ ಕೊಳಗವೂ ಡಬರಿಯೂ ದುಂಡಗಿನವು. ಚೌಕದೊಳಗೆ ವೃತ್ತವನ್ನಿಟ್ಟರೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಜಾಗ ಹೋಗುವುದೆಂದು ಗಣಿತ ಹೇಳುವುದು. ಹೋದ ಜಾಗದಲ್ಲಿ ಗಾಳಿ ಸುಳಿಯುವುದೆಂದು ಅನುಭವ ಹೇಳುವುದು. ಹಾಲಿನ ಕೋಣೆಯಲ್ಲಿ ಕೊಳಗಗಳನ್ನೇ ಉಳಿಸಿಕೊಂಡೆ.

ಯಜಮಾನರು ಭಟ್ಟರನ್ನು ಮರಳಿ ಬರುವಂತೆ ಹೇಳಿಕಳುಹಿದ್ದರು. ಅವರು ಬರಲಿಲ್ಲ, ಊರಿನಲ್ಲಿಯೇ ಮದುವೆ ಮುಂಜಿಗಳ ಅಡುಗೆ ಹಿಡಿದಿದ್ದರು. ತಾವು ಗೆರೆ ಎಳೆದ ಪೆಟ್ಟಿಗೆಯನ್ನು ಅವರು ನೋಡಲೇ ಇಲ್ಲ. ನನ್ನಿಂದ ಅವರಿಗೆ ಹೋದ ಹನ್ನೊಂದು ವರ್ಷಗಳ ಸ್ಥಾನವನ್ನು ಯಾವ ಒಳ್ಳೆಯ ಪೆಟ್ಟಿಗೆಯೂ ಹಿಂದಕ್ಕೆ ಕೊಡಲಿಲ್ಲ.

ಈಗ ಹೊಸ ಅಡುಗೆಮನೆಗೆ ಹೋದರೆ ಮೊದಲನೆಯ ದಿನ ನಾನು ಅಳತೆಪಟ್ಟಿಯನ್ನು ಹೊರಗೆ ತೆಗೆಯುವುದಿಲ್ಲ. ಒಂದು ಮೂಲೆಯಲ್ಲಿ ಕುಳಿತು, ಯಾರ ಕೈ ಯಾವ ಪದಾರ್ಥಕ್ಕೆ ಎಷ್ಟು ಸಲ ಹೋಗುವುದೆಂದು ಗೀಟು ಹಾಕುತ್ತೇನೆ. ಪೆಟ್ಟಿಗೆ ಕೆಟ್ಟಿತೆಂದು ಎಲ್ಲಿಂದಾದರೂ ಕರೆ ಬಂದರೆ, ಬಾಗಿಲನ್ನು ತೆರೆದಿಟ್ಟವರು ಯಾರೆಂದು ಕೇಳುವುದಿಲ್ಲ. ಮೊದಲು ಸುರುಳಿಯ ಮುಚ್ಚಳವನ್ನು ಬಿಚ್ಚಿ ನೋಡುತ್ತೇನೆ.