ನಾಲ್ಕು ಸುವಾರ್ತೆಗಳು ಮತ್ತು ಒಂದು ಪ್ರಶ್ನೆ

ಬೈಬಲ್ಲಿನಲ್ಲಿ ಪರಸ್ಪರ ಹೊಂದದ ಮಾತುಗಳಿರುವುದು ನಿಜ. ಮತ್ತಾಯನ ಸುವಾರ್ತೆಯಂತೆ ಯೂದನು ಬೆಳ್ಳಿನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ನೇಣು ಹಾಕಿಕೊಂಡನು. ಆ ಹಣದಿಂದ ಯಾಜಕರು ಹೊಲವೊಂದನ್ನು ಕೊಂಡರು. 'ಅಪೊಸ್ತಲರ ಕೃತ್ಯಗಳು' ಭಾಗದಲ್ಲಿ ಹೊಲವನ್ನು ಕೊಂಡವನು ಯೂದನೇ. ಅಲ್ಲಿ ಅವನು ಬಿದ್ದು, ಹೊಟ್ಟೆಯೊಡೆದು ಸತ್ತನು. ದಾವೀದನು ಮಾಡಿಸಿದ ಗಣತಿಯಲ್ಲಿ ಇಸ್ರಾಯೇಲಿನ ಯೋಧರು ಸಮುವೇಲನ ಗ್ರಂಥದಲ್ಲಿ 8 ಲಕ್ಷ, ಪೂರ್ವಕಾಲವೃತ್ತಾಂತದಲ್ಲಿ 11 ಲಕ್ಷ.

ಇವನ್ನೆಲ್ಲ ಪಟ್ಟಿಮಾಡಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ. ಕ್ರೈಸ್ತ ಮನೆತನದವಳು. ಈಗ ತಂದೆಯೊಡನೆ ಸಂಜೆಯ ಪ್ರಾರ್ಥನೆಗೆ ಕೂರಲು ಅವಳಿಗೆ ಮನಸ್ಸಾಗುತ್ತಿಲ್ಲವಂತೆ. "ಒಂದು ತಪ್ಪಿದ್ದರೆ ಎಲ್ಲವೂ ಸುಳ್ಳಲ್ಲವೇ ಸರ್?" ಎಂದು ಕೇಳಿದ್ದಾಳೆ. ನಾನು ಆ ಧರ್ಮದವನಲ್ಲ. ಆದರೂ ಓದಿದಷ್ಟರಿಂದ ಉತ್ತರಿಸುತ್ತೇನೆ.

ಈ ಶಂಕೆ ಹೊಸದಲ್ಲ. ಇಂತಹ ಕಡೆ ಪ್ರತಿ ತಪ್ಪಿರಬೇಕು, ಇಲ್ಲವೇ ಅನುವಾದಕನು ತಪ್ಪಿರಬೇಕು, ಇಲ್ಲವೇ ತನಗೆ ಅರ್ಥವಾಗಿಲ್ಲ ಎಂದು ಸಂತ ಆಗಸ್ಟೀನ್ ಐದನೆಯ ಶತಮಾನದ ಆರಂಭದಲ್ಲಿಯೇ ಜೆರೋಮ್‌ಗೆ ಬರೆದಿದ್ದನು. 1978ರ ಷಿಕಾಗೋ ಘೋಷಣೆಯು ದೋಷರಾಹಿತ್ಯವನ್ನು ಕಟ್ಟುನಿಟ್ಟಾಗಿ ಮೂಲ ಹಸ್ತಪ್ರತಿಗಳಿಗೆ ಅನ್ವಯಿಸಿತು. ಆ ಮೂಲಗಳು ಇಂದು ಉಳಿದಿಲ್ಲ. ಹೀಗಾಗಿ ಆ ವಾದವನ್ನು ಪರೀಕ್ಷಿಸುವ ದಾರಿಯೂ ಇಲ್ಲ. ನಮ್ಮ ಕೈಯಲ್ಲಿರುವ ಗ್ರಂಥದ ಪ್ರತಿಯೊಂದು ವಿವರವೂ ನಿರ್ದುಷ್ಟವೆಂದು ಹೇಳುವುದು ನನ್ನ ಮಟ್ಟಿಗೆ ಸಾಧ್ಯವಿಲ್ಲ.

ಆದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎರಡನೆಯ ಶತಮಾನದಲ್ಲಿ ತಾತಿಯಾನನೆಂಬವನು ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದೇ ಕಥನವಾಗಿಸಿದನು. ಒಂದಕ್ಕೊಂದು ಹೊಂದದ ಯೇಸುವಿನ ವಂಶಾವಳಿಗಳನ್ನು ಬಿಟ್ಟುಬಿಟ್ಟನು. ಸುರಿಯಾನಿ ಚರ್ಚುಗಳಲ್ಲಿ ಅದು ಬಹುಕಾಲ ಬಳಕೆಯಲ್ಲಿತ್ತು. ಐದನೆಯ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ಅದರ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಅವುಗಳ ಸ್ಥಾನದಲ್ಲಿ ನಾಲ್ಕು ಸುವಾರ್ತೆಗಳನ್ನೇ ಇರಿಸಿದನು. ವ್ಯತ್ಯಾಸಗಳನ್ನು ಅಳಿಸಿದ ಗ್ರಂಥವೊಂದು ಸಿದ್ಧವಾಗಿದ್ದರೂ ಚರ್ಚು ವ್ಯತ್ಯಾಸಗಳುಳ್ಳ ನಾಲ್ಕನ್ನೇ ಉಳಿಸಿಕೊಂಡಿತು.

ಉತ್ತರಪತ್ರಿಕೆಗಳನ್ನು ತಿದ್ದಿದವರಿಗೆ ಇದರ ಬೆಲೆ ತಿಳಿದೀತು. ಎರಡು ಪತ್ರಿಕೆಗಳು ಅಕ್ಷರಶಃ ಒಂದೇ ಆಗಿದ್ದಾಗಲೇ ನಮಗೆ ಸಂಶಯ ಹುಟ್ಟುತ್ತಿತ್ತು. ವ್ಯತ್ಯಾಸವಿದ್ದ ಮಾತ್ರಕ್ಕೆ ಎರಡೂ ಸತ್ಯವಾಗುವುದಿಲ್ಲ. ಎರಡೂ ಸುಳ್ಳೆಂದೂ ಆಗುವುದಿಲ್ಲ.

ಆದುದರಿಂದ ಮಗಳೇ, ನೀನು ತೋರಿಸಿದ ವಿರೋಧಗಳಿಂದ ಕುಸಿಯುವುದು ಗ್ರಂಥದ ಕುರಿತು ಮನುಷ್ಯರು ಹೊರಿಸಿದ ಒಂದು ವಾದ. ಗ್ರಂಥದ ಉಳಿದ ಮಾತುಗಳನ್ನು ಒಂದೊಂದಾಗಿ ತೂಗಿ ನೋಡುವ ಹೊಣೆ ನಿನ್ನದೇ. ಅದನ್ನು ನಿನ್ನ ತಂದೆಯವರೊಡನೆ ಕುಳಿತೇ ಮಾಡಬಹುದು. ಅವರ ನಂಬಿಕೆ 8 ಲಕ್ಷ, 11 ಲಕ್ಷಗಳ ಲೆಕ್ಕದ ಮೇಲೆ ನಿಂತಿದೆಯೇ ಎಂದು ಮೊದಲು ಅವರನ್ನೇ ಕೇಳು.