ಹಗೇವು ಮತ್ತು ಬ್ಯಾಟರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ಈ ಸೀಮೆಯ ಹಿರಿಯರಿಗೆ ಕೂಡಿಡುವ ವಿದ್ಯೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. ನೆಲದೊಳಗೆ ಹಗೇವು ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆ ಎದುರು ನಿಂತ ಜನ ಅವರು. ಇಂಡಿಯಲ್ಲಿರುವ ನಮ್ಮವ್ವನೂ ಅದೇ ಪೈಕಿಯವಳು. ಅಂಥವಳಿಗೆ ನಾನು ಒಂದು ವಸ್ತುವನ್ನು ಇಡುವ ರೀತಿ ಹೇಳಿಕೊಡುವ ಪ್ರಸಂಗ ಬಂದೀತೆಂದು ಎಣಿಸಿರಲಿಲ್ಲ.

2024ರ ಬೇಸಗೆಯಲ್ಲಿ ಊರಿಗೆ ಹೋದಾಗ, ಅವ್ವನ ಮಂಚದ ಕೆಳಗಿನ ತಗಡಿನ ಟ್ರಂಕು ತೆರೆದೆ. ತೀರಿಹೋದ ಅಪ್ಪನ ಮೊಬೈಲು ಅದರಲ್ಲಿತ್ತು. ಅದರ ಬೆನ್ನು ಪೂರಿಯಂತೆ ಉಬ್ಬಿತ್ತು. ಅಪ್ಪನ ದನಿ ಅದರೊಳಗಿದೆಯೆಂದು ಅವ್ವ ಆಗಾಗ ತೆಗೆದು ಕೇಳಿ, ನೂರಕ್ಕೆ ನೂರು ಚಾರ್ಜು ತುಂಬಿ, ಮತ್ತೆ ಟ್ರಂಕಿಗೆ ಸೇರಿಸುತ್ತಿದ್ದಳು.

"ಹಸದಿರಬಾರದಲ್ಲ ತಮ್ಮಾ, ಅದಕ್ಕ ತುಂಬಿಸಿ ಇಟ್ಟೀನಿ" ಎಂದಳು.

ಲಿಥಿಯಂ-ಅಯಾನ್ ಬ್ಯಾಟರಿ ಪೇಟೆಗೆ ಬಂದದ್ದು 1991ರಲ್ಲಿ. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು. ಆದರೆ ಅದರ ಸ್ವಭಾವ ಜೋಳದ್ದಲ್ಲ. ಪೂರ್ತಿ ತುಂಬಿ ಸೆಕೆಯಲ್ಲಿಟ್ಟರೆ ಒಳಗಿನ ರಸ ಕೆಟ್ಟು ಅನಿಲ ಹುಟ್ಟುತ್ತದೆ, ಮೈ ಉಬ್ಬುತ್ತದೆ. ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರೂ ಕೆಡುತ್ತದೆ. ಆ ರಸವಾದರೋ ಉರಿಯುವಂಥದು. ಉಬ್ಬಿದ್ದನ್ನು ಒತ್ತಿದರೆ, ಚುಚ್ಚಿದರೆ, ಮತ್ತೆ ಚಾರ್ಜಿಗೆ ಹಾಕಿದರೆ ಬೆಂಕಿ ಹತ್ತಬಹುದು. ಅದರ ಮೇಲೆಯೇ ಅವ್ವ ದಿನವೂ ಮಲಗುತ್ತಿದ್ದಳು!

ಮೊಬೈಲನ್ನು ಅಂಗಳದ ನೆರಳಿನಲ್ಲಿ, ಬರಿಯ ಕಲ್ಲಿನ ಮೇಲೆ, ಅರಿವೆ-ಕಟ್ಟಿಗೆಗಳಿಂದ ದೂರ ಇಟ್ಟೆ. ಮರುದಿನ ವಿಜಯಪುರದಲ್ಲಿ ರಿಪೇರಿಯವರೊಬ್ಬರು ಜೋಪಾನವಾಗಿ ಹಳೆಯ ಬ್ಯಾಟರಿ ಬಿಡಿಸಿ ಹೊಸದನ್ನು ಕೂಡಿಸಿದರು. ಹಳೆಯದನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ಕೊಳ್ಳುವವರಿಗೆ ಕೊಟ್ಟೆ. ಅಪ್ಪನ ದನಿಯನ್ನು ನನ್ನ ಮೊಬೈಲಿಗೂ ಇಳಿಸಿಕೊಂಡೆ. ಆದರೆ ಅವ್ವನಿಗೆ ಅಪ್ಪನ ಮೊಬೈಲೇ ಬೇಕು.

"ಇನ್ನು ಅರ್ಧಾನ ತುಂಬಸು. ಬಂದ್ ಮಾಡಿ ತಂಪಿರೋ ಒಣಾ ಜಾಗಾದಾಗ ಇಡು. ಮೂರು ತಿಂಗಳಿಗೊಮ್ಮೆ ತಗದು ನೋಡು" ಎಂದೆ.

"ಹಗೇ ಅರ್ಧಾ ತುಂಬಿ ಯಾರರ ಮುಚ್ಚತಾರೇನು?" ಎಂದು ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದಳು: "ಆದ್ರ ಹಗೇ ತೆರದ ಕೂಡ್ಲೇ ಒಳಗ ಯಾರೂ ಇಳೀತಿದ್ದಿಲ್ಲ. ಕೆಟ್ಟ ಗಾಳಿ ಹೋಗಲಿ ಅಂತ ಕಾಯ್ತಿದ್ರು, ದೀಪಾ ಇಳಿಬಿಟ್ಟು ನೋಡ್ತಿದ್ರು. ಇದಕ್ಕೂ ಹಂಗ ಒಂದು ರೀತಿ ಐತಿ ಅನ್ನು."

ಲಿಥಿಯಮ್ಮಿನ ವಿಷಯವನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಈಗ ಮೂರು ತಿಂಗಳಿಗೊಮ್ಮೆ ತಪ್ಪದೆ ಅವ್ವನ ಫೋನು ಬರುತ್ತದೆ: "ಐವತ್ತರಾಗ ಐತಿ ತಮ್ಮಾ. ಉಬ್ಬಿಲ್ಲ. ನಿಮ್ಮಪ್ಪ ಇವತ್ತೂ ಚೊಲೋ ಮಾತಾಡಿದ."