ಅಂಗಡಿಗೆ ಬಾರದ ಆಟಗಳು

ಹಳೆಯ ವಿಡಿಯೋ ಗೇಮ್‌ಗಳ ಹುಚ್ಚು ಹತ್ತಿದವರಲ್ಲಿ ಎರಡು ಬಗೆ. ಕೆಲವರಿಗೆ ಚಿಕ್ಕಂದಿನಲ್ಲಿ ಆಡಿದ್ದೇ ಮತ್ತೆ ಬೇಕು: ಮಾರಿಯೋ, ಕಾಂಟ್ರಾ, ಡಕ್ ಹಂಟ್. ಇನ್ನು ಕೆಲವರಿಗೆ ಯಾರ ಬಾಲ್ಯಕ್ಕೂ ತಲುಪದೇ ಹೋದ ಆಟಗಳು ಬೇಕು. ಯಾವುದೋ ಕಂಪನಿ ತಿಂಗಳುಗಟ್ಟಲೆ ಕೂತು ತಯಾರಿಸಿ, ಇನ್ನೇನು ಪೆಟ್ಟಿಗೆಗೆ ತುಂಬಬೇಕು ಎನ್ನುವಾಗ ‘ಬೇಡ ಬಿಡಿ’ ಎಂದು ನಿಲ್ಲಿಸಿದಂಥವು. ನಾನು ಈ ಎರಡನೆಯ ಗುಂಪಿನವನು. ಶನಿವಾರ ರಾತ್ರಿ ಮಂಗಳಗಿರಿಯ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಎಮ್ಯುಲೇಟರ್ ಹಾಕಿ, ಇಂಥ ಒಂದಾದರೂ ಆಟ ನೋಡದಿದ್ದರೆ ವಾರ ಮುಗಿದ ಹಾಗೆ ಅನ್ನಿಸುವುದಿಲ್ಲ.

ಇವುಗಳಲ್ಲಿ ಗೆಲ್ಲುವುದು ಮುಖ್ಯವಲ್ಲ. ಎಷ್ಟೋ ಸಲ ಗೆಲ್ಲಲು ಆಗುವುದೂ ಇಲ್ಲ. ಒಂದು ಹಂತಕ್ಕೆ ಸಂಗೀತವಿದ್ದರೆ ಮುಂದಿನದಕ್ಕೆ ಇರುವುದಿಲ್ಲ. ಗೋಡೆಗೆ ಕಾಲಿಟ್ಟರೆ ಗೋಡೆಯೊಳಗೇ ನಡೆದುಹೋಗಬಹುದು. ಬಾಗಿಲೊಂದು ತೆರೆದುಕೊಳ್ಳುತ್ತದೆ, ಒಳಗೆ ಬರೀ ಕಪ್ಪು. ಮಾಡುತ್ತಿದ್ದವರು ಚಹಾಕ್ಕೆಂದು ಎದ್ದುಹೋಗಿ ವಾಪಸ್ಸೇ ಬಾರದ ಕೋಣೆಯನ್ನು ಹೊಕ್ಕ ಹಾಗಿರುತ್ತದೆ. ನಾನು ಹೊಟ್ಟೆಪಾಡಿಗೆ ಮಾಡುವುದೂ ಸಾಫ್ಟ್‌ವೇರ್ ಟೆಸ್ಟಿಂಗ್. ‘ಐದು ದಿನ ಬಗ್ ಹುಡುಕಿದ್ದು ಸಾಲದೇ, ರಜೆಯ ದಿನವೂ ಅದೇನಾ?’ ಎಂದು ರೂಮ್‌ಮೇಟ್ ಕೇಳುತ್ತಾನೆ. ಸಾಲದು ಎನ್ನುತ್ತೇನೆ. ಆಫೀಸಿನ ಬಗ್‌ಗಳನ್ನು ಸೋಮವಾರದೊಳಗೆ ಅಳಿಸಬೇಕು. ಈ ಬಗ್‌ಗಳನ್ನು ಇನ್ನು ಯಾರೂ ಸರಿಮಾಡುವುದಿಲ್ಲ.

ಇವು ಉಳಿದದ್ದೇ ಒಂದು ಆಶ್ಚರ್ಯ. ಅಂಗಡಿಯಲ್ಲಿ ಸಿಗುತ್ತಿದ್ದ ಕಾರ್ಟ್ರಿಜ್‌ನ ಒಳಗಿನ ಚಿಪ್‌ನಲ್ಲಿ ಆಟವನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಿರುತ್ತಾರೆ, ಅದು ಸುಲಭಕ್ಕೆ ಅಳಿಯದು. ಪ್ರೊಟೊಟೈಪ್ ಹಾಗಲ್ಲ. ದಿನಕ್ಕೊಂದು ಬದಲಾವಣೆ ಮಾಡಿ ನೋಡಬೇಕಾದ್ದರಿಂದ ಅದರಲ್ಲಿ ಅಳಿಸಿ ಬರೆಯಬಹುದಾದ ಇಪ್ರಾಮ್ ಚಿಪ್ ಇರುತ್ತದೆ. 1971ರಲ್ಲಿ ಇಂಟೆಲ್ ಕಂಪನಿಯ ಡೊವ್ ಫ್ರೋಮನ್ ಕಂಡುಹಿಡಿದದ್ದು ಇದು. ಚಿಪ್‌ನ ನೆತ್ತಿಯ ಮೇಲೆ ಪುಟ್ಟದೊಂದು ಸ್ಫಟಿಕದ ಕಿಟಕಿ. ಅದರ ಮೂಲಕ ಅಲ್ಟ್ರಾವಯೊಲೆಟ್ ಬೆಳಕು ಹಾಯಿಸಿದರೆ ಒಳಗೆ ಹಿಡಿದಿಟ್ಟಿದ್ದ ಎಲೆಕ್ಟ್ರಾನ್‌ಗಳು ಜಾರಿಹೋಗಿ ಬರೆದದ್ದೆಲ್ಲ ಅಳಿಸುತ್ತದೆ. ಅದಕ್ಕೇ ಆ ಕಿಟಕಿಗೆ ಒಂದು ಸ್ಟಿಕ್ಕರ್ ಅಂಟಿಸಿ, ಮೇಲೆ ಪೆನ್ನಿನಲ್ಲಿ ಆಟದ ಹೆಸರೋ ತಾರೀಕೋ ಗೀಚಿರುತ್ತಾರೆ. ಸ್ಟಿಕ್ಕರ್ ಕಿತ್ತುಬಂದು ನೇರ ಬಿಸಿಲಿಗೆ ಬಿದ್ದರೆ ಚಿಪ್ ಸುಮಾರು ಒಂದು ವಾರದಲ್ಲಿ ಎಲ್ಲವನ್ನೂ ಮರೆಯಬಲ್ಲದು, ಟ್ಯೂಬ್‌ಲೈಟ್‌ನ ಕೆಳಗಿದ್ದರೆ ಸುಮಾರು ಮೂರು ವರ್ಷದಲ್ಲಿ. ಕತ್ತಲಲ್ಲೇ ಇಟ್ಟರೂ ಆ ವಿದ್ಯುತ್ ಕಣಗಳು ದಶಕಗಳ ಅವಧಿಯಲ್ಲಿ ನಿಧಾನಕ್ಕೆ ಸೋರುತ್ತವೆ. ಒಂದೊಂದೇ ಬಿಟ್ ಕೊಳೆಯುತ್ತದೆ. ಒಬ್ಬರ ವರ್ಷಗಟ್ಟಲೆಯ ದುಡಿಮೆ ಹೀಗೆ ಕಾಗದದ ಒಂದು ಚೂರಿನ ಕೆಳಗೆ ಉಸಿರು ಹಿಡಿದು ಕೂತಿರುತ್ತದೆ.

ಕೆಲವಕ್ಕೆ ಅದೃಷ್ಟವಿತ್ತು. ಜಪಾನಿನಲ್ಲಿ 1989ರಲ್ಲಿ ಬಂದ ‘ಮದರ್’ ಎಂಬ ಆಟವನ್ನು ನಿಂಟೆಂಡೊದ ಅಮೆರಿಕ ಶಾಖೆಯವರು 1990ರಲ್ಲಿ ಪೂರ್ತಿ ಇಂಗ್ಲಿಷ್‌ಗೆ ತಂದರು. ಕೆಲಸ ಮುಗಿದಿತ್ತು, ಆದರೆ ಆಟ ಮಾರುಕಟ್ಟೆಗೆ ಬರಲಿಲ್ಲ. 1998ರಲ್ಲಿ ಅದರ ಪ್ರೊಟೊಟೈಪ್ ಕಾರ್ಟ್ರಿಜ್ ಅಭಿಮಾನಿಗಳ ಕೈಗೆ ಸಿಕ್ಕಿ, ಅವರು ಅದನ್ನು ಓದಿ ಪ್ರತಿ ಮಾಡಿಕೊಂಡರು. ‘ಇದು ನಿಜವಲ್ಲ, ಯಾರೋ ಕುಳಿತು ಮಾಡಿದ ನಕಲಿ’ ಎಂದು ಹೀಗಳೆದವರೂ ಇದ್ದರು. ಕೊನೆಗೆ 2015ರ ಜೂನ್‌ನಲ್ಲಿ ನಿಂಟೆಂಡೊ ತಾನೇ ಆ ಇಂಗ್ಲಿಷ್ ಆಟವನ್ನು ಬಿಡುಗಡೆ ಮಾಡಿತು. ಇಪ್ಪತ್ತೈದು ವರ್ಷ ತಡವಾಗಿ! ‘ಸ್ಟಾರ್ ಫಾಕ್ಸ್ 2’ ಕತೆಯೂ ಹೀಗೇ. 1995ರ ಹೊತ್ತಿಗೆ ಬಹುತೇಕ ಸಿದ್ಧವಾಗಿದ್ದ ಆಟ. ಹೊಸ ಯಂತ್ರ ನಿಂಟೆಂಡೊ 64 ಬರುತ್ತಿದೆ, ಅದರ ಮುಂದೆ ಇದು ಹಳತಾಗಿ ಕಾಣುತ್ತದೆ ಎಂದು ಬದಿಗಿಟ್ಟರು. 2017ರ ಸೆಪ್ಟೆಂಬರ್‌ನಲ್ಲಿ ಹಳೆಯ ಯಂತ್ರದ ಪುಟ್ಟ ಮರುರೂಪವೊಂದರ ಜೊತೆ ಅದು ಹೊರಬಂತು. ಅದಕ್ಕೆ ದುಡಿದ ಕೆಲವರು ಅಷ್ಟರಲ್ಲಿ ನಡುವಯಸ್ಸಿಗೆ ಬಂದಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ‘ಡೇಸ್ ಆಫ್ ಥಂಡರ್’. ಅದೇ ಹೆಸರಿನ ಸಿನಿಮಾದ ಮೇಲೆ ಬಂದ ಕಾರ್ ರೇಸಿನ ಆಟವೊಂದು ಅಂಗಡಿಗೇನೋ ಬಂತು. ಅದಕ್ಕೂ ಮೊದಲು ಕ್ರಿಸ್ ಓಬರ್ತ್ ಎಂಬ ಪ್ರೋಗ್ರಾಮರ್ ಬೇರೆಯೇ ಒಂದು ಆವೃತ್ತಿಯನ್ನು ಬರೆದಿದ್ದರು, ಅದನ್ನು ಕೈಬಿಡಲಾಗಿತ್ತು. ಓಬರ್ತ್ 2012ರಲ್ಲಿ ತೀರಿಕೊಂಡರು. ಅವರ ಮನೆಯಲ್ಲಿದ್ದ ಫ್ಲಾಪಿ, ಟೇಪು, ಡಿಸ್ಕುಗಳ ರಾಶಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆಯನ್ನು ತಲುಪಿತು. ಅಲ್ಲಿ ಸಿಕ್ಕಿದ್ದು ಆಡಲು ಸಿದ್ಧವಾದ ಆಟವಲ್ಲ, ಅದರ ಮೂಲ ಕೋಡ್. ರಿಚ್ ವೈಟ್‌ಹೌಸ್ ಎಂಬವರು ಅದನ್ನು ಬಿಡಿಸಿ, ಜೋಡಿಸಿ, 2020ರಲ್ಲಿ ಪರದೆಯ ಮೇಲೆ ಓಡಿಸಿದರು. ನಮ್ಮ ಮಂಗಳಗಿರಿಯ ಬೆಟ್ಟದ ಮೇಲಿನ ಪಾನಕಾಲ ನರಸಿಂಹಸ್ವಾಮಿಗೆ ಬೆಲ್ಲದ ಪಾನಕ ಎರೆದರೆ, ಸ್ವಾಮಿ ಅರ್ಧ ಕುಡಿದು ಇನ್ನರ್ಧವನ್ನು ಭಕ್ತರಿಗೆ ವಾಪಸ್ ಕೊಡುತ್ತಾನೆಂದು ಇಲ್ಲಿನವರ ನಂಬಿಕೆ. ಕಾಲ ಅಷ್ಟು ಧಾರಾಳಿಯಲ್ಲ. ಅದು ಅಪರೂಪಕ್ಕೊಮ್ಮೆ ವಾಪಸ್ ಕೊಡುತ್ತದೆ, ಅದೂ ಯಾರಾದರೂ ಡಬ್ಬಿಯೊಂದನ್ನು ಎಸೆಯದೆ ಇಟ್ಟುಕೊಂಡಿದ್ದರೆ ಮಾತ್ರ.

ಇಲ್ಲಿ ಕೂತು ಆಡುವಾಗ ಬೇರೆಯದೇ ಅರ್ಥ ಬರುವ ಆಟ ಒಂದಿದೆ. ನಗರ ಕಟ್ಟುವ ‘ಸಿಮ್‌ಸಿಟಿ’ ಬಹಳ ಜನರಿಗೆ ಗೊತ್ತು. ಅದರ ಸೂಪರ್ ನಿಂಟೆಂಡೊ ಆವೃತ್ತಿ ಎಲ್ಲೆಡೆ ಮಾರಾಟವಾಯಿತು. ಹಳೆಯ ಎಂಟು ಬಿಟ್‌ನ ಯಂತ್ರಕ್ಕೂ ಒಂದನ್ನು ಮಾಡುತ್ತಿದ್ದರು. 1991ರ ಜನವರಿಯಲ್ಲಿ ಅಮೆರಿಕದ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಅದನ್ನು ತೋರಿಸಿದ್ದೂ ಆಯಿತು. ಆಮೇಲೆ ಅದರ ಸುದ್ದಿಯಿಲ್ಲ. 2017ರಲ್ಲಿ ಎರಡು ಪ್ರೊಟೊಟೈಪ್ ಕಾರ್ಟ್ರಿಜ್‌ಗಳು ಸಿಕ್ಕವು, ಮುಂದಿನ ವರ್ಷ ಎಲ್ಲರಿಗೂ ಆಡಲು ಸಿಕ್ಕಿತು. ಖಾಲಿ ನೆಲ. ಮನೆಗಳಿಗೆ ಒಂದು ವಲಯ, ಅಂಗಡಿಗಳಿಗೆ ಒಂದು, ಕಾರ್ಖಾನೆಗಳಿಗೆ ಒಂದು. ಇನ್ನೂ ಪೂರ್ತಿಯಾಗದ ಆಟದಲ್ಲಿ ಪೂರ್ತಿಯಾಗದ ಊರು.

ಕೋಣೆಯ ಹೊರಗೂ ಅದೇ ಇದೆ. ಮಂಗಳಗಿರಿಯ ಪಕ್ಕದಲ್ಲೇ ಅಮರಾವತಿ. 2015ರ ಅಕ್ಟೋಬರ್‌ನಲ್ಲಿ ಆಂಧ್ರದ ಹೊಸ ರಾಜಧಾನಿಗೆ ಅಲ್ಲಿ ಅಡಿಗಲ್ಲು ಬಿತ್ತು. ರೈತರು 33,000 ಎಕರೆಗೂ ಹೆಚ್ಚು ಜಮೀನು ಕೊಟ್ಟರು. 2019ರಲ್ಲಿ ಸರ್ಕಾರ ಬದಲಾಯಿತು, ಕೆಲಸ ನಿಂತಿತು. ಆಡಳಿತ ವಿಶಾಖಪಟ್ಟಣದಿಂದ, ನ್ಯಾಯಾಲಯ ಕರ್ನೂಲಿನಲ್ಲಿ, ಶಾಸನಸಭೆ ಮಾತ್ರ ಅಮರಾವತಿಯಲ್ಲಿ ಎಂಬ ಮೂರು ರಾಜಧಾನಿಗಳ ಮಾತು ಬಂತು. ಎದ್ದಿದ್ದ ಕಂಬಗಳು ಹಾಗೇ ನಿಂತವು, ಸಚಿವಾಲಯದ ಬುನಾದಿಯಲ್ಲಿ ನೀರು ತುಂಬಿತು. 2024ರಲ್ಲಿ ಮತ್ತೆ ಸರ್ಕಾರ ಬದಲಾದಾಗ ಐಐಟಿಯ ತಜ್ಞರು ಬಂದು, ಆ ಹಳೆಯ ಕಾಂಕ್ರೀಟು ಇನ್ನೂ ಗಟ್ಟಿಯಿದೆಯೇ ಎಂದು ಪರೀಕ್ಷಿಸಿದರು. 2025ರ ಮೇ 2ರಂದು ಕೆಲಸಕ್ಕೆ ಮತ್ತೆ ಚಾಲನೆ ಸಿಕ್ಕಿತು. ಹಳೆಯ ಇಪ್ರಾಮ್ ಅನ್ನು ಮೂರು ನಾಲ್ಕು ಸಲ ಓದಿ, ಬಂದ ಪ್ರತಿಗಳೆಲ್ಲ ಒಂದೇ ಥರ ಇವೆಯೇ ಎಂದು ತಾಳೆ ನೋಡುವವರ ನೆನಪಾಗುತ್ತದೆ ನನಗೆ. ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಆಟ ರದ್ದಾದರೆ ಪ್ರೋಗ್ರಾಮರ್ ಬೇರೆ ಆಟಕ್ಕೆ ಹೋಗುತ್ತಾನೆ. ಜಮೀನು ಕೊಟ್ಟ ರೈತನಿಗೆ ಹೋಗಲು ಬೇರೆ ಹೊಲ ಇರಲಿಲ್ಲ.

ಇನ್ನು ನಮ್ಮ ಕಡೆಯ ಮಾತು. ಅಮೆರಿಕದ ಅಟ್ಟಗಳಲ್ಲಿ ಸಿಗುವಂಥ ಪ್ರೊಟೊಟೈಪ್ ಬೆಂಗಳೂರಿನ ಅಥವಾ ಹುಬ್ಬಳ್ಳಿಯ ಅಟ್ಟದಲ್ಲಿ ಸಿಗುವುದು ಕಷ್ಟ. ಆಟಗಳು ನಮಗೆ ಬಂದ ದಾರಿಯೇ ಬೇರೆ. 1995ರಲ್ಲಿ ಶಾ ವ್ಯಾಲೇಸ್ ಕಂಪನಿ ಭಾರತಕ್ಕೆ ಸೇಗಾ ಮೆಗಾ ಡ್ರೈವ್ ತಂದಾಗ ಅದರ ಬೆಲೆ 18,000 ರೂಪಾಯಿ. ಆ ಕಾಲದ ಮಧ್ಯಮ ವರ್ಗದ ಮನೆಯಲ್ಲಿ ಅಷ್ಟು ದುಡ್ಡಿದ್ದರೆ ಮೊದಲು ಕಲರ್ ಟಿವಿ ಬರುತ್ತಿತ್ತು. ನಮ್ಮ ಕೈಗೆ ಸಿಕ್ಕಿದ್ದು ಅದರ ಸಣ್ಣದೊಂದು ಪಾಲಿಗೆ ಬರುತ್ತಿದ್ದ ನಕಲಿ ಯಂತ್ರ. ಹಳದಿ ಕಾರ್ಟ್ರಿಜ್‌ನ ಮೇಲೆ ‘9999 ಇನ್ 1’ ಎಂದಿರುತ್ತಿತ್ತು, ಒಳಗಿರುತ್ತಿದ್ದದ್ದು ಹತ್ತೋ ಹದಿನೈದೋ ಆಟ, ಅವೇ ಬೇರೆ ಬೇರೆ ಹೆಸರಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಬೇಸಿಗೆ ರಜೆಗೆ ಬಾಡಿಗೆಗೂ ಸಿಗುತ್ತಿದ್ದವು. ಮಾಡಿದವರ ಹೆಸರು ಅದರಲ್ಲೆಲ್ಲೂ ಇರುತ್ತಿರಲಿಲ್ಲ. ಆಟವನ್ನು ಮನುಷ್ಯರು ಕುಳಿತು ಮಾಡುತ್ತಾರೆಂಬುದೇ ನಮಗೆ ಆಗ ಹೊಳೆದಿರಲಿಲ್ಲ.

ಆದರೆ ನಮ್ಮವರು ಮಾಡಿದ, ಅಂಗಡಿಗೆ ಬಾರದ ಆಟ ಒಂದಿದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಕಂಪನಿ ಶುರುಮಾಡಿದರು. ಭಾರತದಲ್ಲಿ ಗೇಮ್ ಮಾಡುವುದೂ ಒಂದು ಉದ್ಯೋಗ ಎಂದರೆ ಜನ ನಗುತ್ತಿದ್ದ ಕಾಲ. ಸ್ವಲ್ಪದರಲ್ಲೇ ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಗಾಗಿ ‘ಮಿಷನ್ ಇಂಪಾಸಿಬಲ್’ ಆಟದ ಪಿಸಿ ಆವೃತ್ತಿಯ ಕೆಲಸ ಅವರಿಗೆ ಸಿಕ್ಕಿತು. ಆ ಆಟ 1998ರಲ್ಲಿ ನಿಂಟೆಂಡೊ 64ಕ್ಕೆ ಬಂತು, ಮರುವರ್ಷ ಪ್ಲೇಸ್ಟೇಷನ್‌ಗೂ ಬಂತು. ಪಿಸಿ ಆವೃತ್ತಿ ಮಾತ್ರ ಬರಲೇ ಇಲ್ಲ. ಧ್ರುವ ಮುಂದೆ ಬೇರೆ ಬೇರೆ ದೇಶಗಳ ಆಟಗಳಿಗೆ ಚಿತ್ರ, ಮಾದರಿ, ಕಾರು, ಕಟ್ಟಡ ಮಾಡಿಕೊಡುತ್ತ ಬೆಳೆಯಿತು, 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್ ಪಾಲಾಯಿತು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್‌ನ ಪಾಲಾಯಿತು. ನಾನು ಎಮ್ಯುಲೇಟರ್ ತೆರೆದಾಗಲೆಲ್ಲ ಆ ಪಿಸಿ ಆವೃತ್ತಿಯ ನೆನಪು ಬರುತ್ತದೆ. ಬೆಂಗಳೂರಿನ ಮೊದಲ ಗೇಮ್ ಪ್ರೋಗ್ರಾಮರ್‌ಗಳ ಕೈಬರಹ ಅದರಲ್ಲಿದೆ. ಅವರು ಎಲ್ಲಿ ಎಡವಿದರು, ಯಾವುದನ್ನು ಚಂದವಾಗಿ ಬಿಡಿಸಿಕೊಂಡರು ಎಂಬುದನ್ನು ಹೇಳಬಲ್ಲದ್ದು ಅದೊಂದೇ.

ಇದು ಬರೀ ಗೇಮ್‌ನವರ ಕತೆಯಲ್ಲ. ಈ ಪತ್ರಿಕೆಯನ್ನು ಓದುವ ನಮ್ಮಲ್ಲಿ ಬಹಳ ಮಂದಿ ಊರು ಬಿಟ್ಟು ಬಂದದ್ದು ಇಂಥ ಕೆಲಸಗಳಿಗೇ. ಮಂಗಳಗಿರಿಗೆ ಬರುವ ಮೊದಲು ನಾನಿದ್ದ ತಂಡ ಒಂದು ಸಾಫ್ಟ್‌ವೇರಿನ ಮೇಲೆ ಹದಿನಾಲ್ಕು ತಿಂಗಳು ಕೂತಿತ್ತು. ಒಬ್ಬಳ ಮದುವೆ, ಒಬ್ಬನ ತಂದೆಯ ಸಾವು, ಎರಡು ದೀಪಾವಳಿ ಅದರ ನಡುವೆಯೇ ಆಗಿಹೋದವು. ಒಂದು ಸೋಮವಾರ ಬೆಳಿಗ್ಗೆ ಹತ್ತು ನಿಮಿಷದ ಮೀಟಿಂಗ್‌ನಲ್ಲಿ ‘ಗ್ರಾಹಕರ ಆದ್ಯತೆ ಬದಲಾಗಿದೆ’ ಎಂಬ ಮಾತು ಬಂತು. ಸಂಜೆಯೊಳಗೆ ನಮ್ಮ ಲಾಗಿನ್‌ಗಳು ಮುಚ್ಚಿದವು. ಯಾರ ಮೇಲೂ ಸಿಟ್ಟಿಲ್ಲ, ಸಂಬಳ ಸರಿಯಾಗಿಯೇ ಬಂತು. ಆದರೆ ಊರಿಗೆ ಹೋದಾಗ ‘ಅಷ್ಟು ದಿನ ಏನು ಮಾಡಿದ್ಯೋ, ತೋರಿಸು’ ಎಂದು ಅಜ್ಜಿ ಕೇಳಿದರೆ ತೋರಿಸಲು ಏನೂ ಇರಲಿಲ್ಲ. ಮಂಗಳಗಿರಿಯ ನೇಕಾರನಿಗಾದರೆ ಆ ಕಷ್ಟವಿಲ್ಲ. ಗಿರಾಕಿ ಬೇಡವೆಂದರೂ ನಿಜಾಮ್ ಅಂಚಿನ ಸೀರೆ ಮಗ್ಗದ ಮೇಲಾದರೂ ಇರುತ್ತದೆ, ಮುಟ್ಟಿ ನೋಡಬಹುದು.

ಹಾಗೆಂದು ಆಫೀಸಿನ ಕೋಡನ್ನು ಮನೆಗೆ ಹೊತ್ತು ತನ್ನಿ ಎನ್ನುತ್ತಿಲ್ಲ. ಸಹಿ ಹಾಕಿದ ಕರಾರು ಕರಾರೇ. ವಿದೇಶದ ಸಂಗ್ರಹಕಾರರಲ್ಲೂ ಈ ಜಗಳ ಮುಗಿದಿಲ್ಲ: ಸಿಕ್ಕ ಪ್ರೊಟೊಟೈಪನ್ನು ಪ್ರತಿ ಮಾಡಿ ಎಲ್ಲರಿಗೂ ಹಂಚಬೇಕೋ, ಬೀರುವಿನಲ್ಲಿಟ್ಟು ಬೆಲೆ ಏರಲು ಕಾಯಬೇಕೋ? ಸೋನಿ ಮತ್ತು ನಿಂಟೆಂಡೊ ಸೇರಿ ಮಾಡಲು ಹೊರಟು ಕೈಬಿಟ್ಟ ಯಂತ್ರದ ಪ್ರೊಟೊಟೈಪ್ ಒಂದು, ದಿವಾಳಿಯಾದ ಕಂಪನಿಯೊಂದರ ಸಾಮಾನಿನ ಹರಾಜಿನಲ್ಲಿ 75 ಡಾಲರ್‌ನ ರಾಶಿಯೊಂದರ ಜೊತೆ ಬಂದಿತ್ತಂತೆ. 2020ರಲ್ಲಿ ಅದು 3,60,000 ಡಾಲರಿಗೆ ಮಾರಾಟವಾಯಿತು. ಕಸ ಯಾವುದು, ಚರಿತ್ರೆ ಯಾವುದು ಎಂದು ಆ ಹೊತ್ತಿಗೆ ತಿಳಿಯುವುದಿಲ್ಲ.

ಕರಾರು ಮುರಿಯದೆ ಉಳಿಸಬಹುದಾದದ್ದೂ ಇದೆ. ಯಾರು ಯಾರು ಆ ತಂಡದಲ್ಲಿದ್ದರು, ಯಾವ ಸಮಸ್ಯೆ ಎಷ್ಟು ರಾತ್ರಿ ನಿದ್ದೆ ಕೆಡಿಸಿತು, ಯಾವ ಊರಿನ ಹುಡುಗಿ ಅದನ್ನು ಬಿಡಿಸಿದಳು, ಕೊನೆಗೆ ಕೆಲಸ ಹೇಗೆ ನಿಂತಿತು. ಕಂಪನಿಯ ಗುಟ್ಟೇನೂ ಇಲ್ಲದ ಇಷ್ಟನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದಿಟ್ಟರೆ ಸಾಕು. ಹಳೆಯ ಆಟಗಳ ಚರಿತ್ರೆ ಬರೆಯುವವರಿಗೆ ಎಷ್ಟೋ ಸಲ ಆಸರೆಯಾಗುವುದು ಇಂಥ ನೆನಪುಗಳೇ. ಇಪ್ಪತ್ತೈದು ವರ್ಷಗಳಿಗೂ ಹಿಂದೆ ಬೆಂಗಳೂರಿನಲ್ಲಿ ಆ ಪಿಸಿ ಆಟಕ್ಕೆ ದುಡಿದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಅವರನ್ನು ಕೇಳುವುದೂ ಇಷ್ಟೇ. ಆಟ ಸಿಗದಿದ್ದರೆ ಹೋಗಲಿ, ಅದನ್ನು ಮಾಡಿದ ದಿನಗಳು ಹೇಗಿದ್ದವು ಹೇಳಿ. ಓದಲು ನಾವಿದ್ದೇವೆ.